ಟಪಾಲು ಡಬ್ಬಿಗಳ ಬೆನ್ನು ಹತ್ತಿ

ಪರರ ಮನೆಯ ಬಾಗಿಲ ಮುಂದೆ ನಿಂತು ದಿಟ್ಟಿಸುವುದು ಒಳ್ಳೆಯ ಹೆಣ್ಣುಮಕ್ಕಳ ಲಕ್ಷಣವಲ್ಲ ಎಂದು ನನ್ನ ಅವ್ವ ಹೇಳುತ್ತಿದ್ದಳು. ಬಹಳ ವರ್ಷ ಆ ಮಾತನ್ನು ಪಾಲಿಸಿದೆ. ನಲವತ್ತು ದಾಟಿದ ಮೇಲೆ ಲಕ್ಷಣ ಕೆಟ್ಟಿತು. ಈಗಂತೂ ಯಾವ ಓಣಿಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಬಾಗಿಲನ್ನೇ. ಒಳಗೆ ಇಣುಕುವುದಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದೇನೆ. ನಾನು ನೋಡುವುದು ಬಾಗಿಲ ಹೊರಗೆ ತೂಗುಹಾಕಿದ ಟಪಾಲು ಡಬ್ಬಿಯನ್ನು. ಅದೂ ಅಂಗಡಿಯಿಂದ ತಂದ ಡಬ್ಬಿಯಾದರೆ ಮುಂದೆ ನಡೆಯುತ್ತೇನೆ. ಮನೆಯವರು ಕೈಯಾರೆ ಮಾಡಿದ್ದಾದರೆ ಚಪ್ಪಲಿ ಅಲ್ಲೇ ಅಂಟಿಕೊಳ್ಳುತ್ತದೆ.

ಈ ಚಟ ಹಚ್ಚಿದ್ದು ಒಂದು ಆಡು. ಆಗ ನಾನು ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ನಮ್ಮ ಮನೆಗೆ ಬರುವ ಕಾಗದಗಳನ್ನು ಟಪಾಲಿನವರು ಗೇಟಿನ ಮೇಲಿಂದ ಅಂಗಳಕ್ಕೆ ಎಸೆದು ಹೋಗುತ್ತಿದ್ದರು. ಒಂದು ದಿನ ನಾವು ಬಾಗಿಲು ತೆಗೆಯುವ ಹೊತ್ತಿಗೆ ಓಣಿಯ ಆಡೊಂದು ನನ್ನ ಸೋದರತ್ತೆಯ ಮೊಮ್ಮಗಳ ಮದುವೆಯ ಕರೆಯೋಲೆಯನ್ನು ಅರ್ಧ ತಿಂದು ಮುಗಿಸಿತ್ತು. ಮುಹೂರ್ತ ಉಳಿದಿತ್ತು, ಮದುವೆಯ ಊರು ಆಡಿನ ಹೊಟ್ಟೆ ಸೇರಿತ್ತು. ನಮ್ಮ ಯಜಮಾನರು ಹಟಕ್ಕೆ ಬಿದ್ದು ಅದೇ ವಾರ ಶೇಂಗಾ ಎಣ್ಣೆಯ ಡಬ್ಬಿಯೊಂದನ್ನು ಉಜ್ಜಿ ತೊಳೆದು, ಮೇಲ್ಗಡೆ ಸೀಳು ಕೊರೆದು, ಗೇಟಿಗೆ ತಂತಿಯಿಂದ ಬಿಗಿದರು. ನಾನು ಅದಕ್ಕೆ ಬಳ್ಳಿ ಬಿಡಿಸಿ ಹೂವು ಬಿಡಿಸಿದೆ. ಗಂಡಹೆಂಡತಿ ಇಬ್ಬರೂ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ಅದನ್ನು ಮೆಚ್ಚಿಕೊಂಡೆವು. ಮೇಲ್ಗಡೆ ಸೀಳಿದ್ದರೆ ಮಳೆಯೂ ಅಲ್ಲಿಂದಲೇ ಇಳಿಯುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಮೊದಲ ಮಳೆಗೆ ನನ್ನ ತಂಗಿಯ ಪತ್ರ ನೀಲಿ ಸಾರಾಗಿ ಕೈಗೆ ಬಂತು.

ಹಾಗಾದರೆ ಬೇರೆಯವರು ಹೇಗೆ ಮಾಡಿಕೊಂಡಿದ್ದಾರೆ ಎಂದು ನೋಡಹೋದೆ. ಹೋದವಳು ಮರಳಲೇ ಇಲ್ಲ ಎನ್ನಬೇಕು. ನಮ್ಮ ಓಣಿಯಾಚೆಯ ನೇಕಾರರ ಮನೆಯಲ್ಲಿ ಮುರಿದ ಮಗ್ಗದ ಕಟ್ಟಿಗೆಯಿಂದ ಮಾಡಿದ ಡಬ್ಬಿಯಿತ್ತು. ಅದಕ್ಕೆ ಅಗುಳಿಯಾಗಿ ಹಳೆಯ ಲಾಳಿ! ನೂಲು ಹೊತ್ತು ಅತ್ತಿಂದಿತ್ತ ಓಡಿ ಸವೆದ ಲಾಳಿ ಈಗ ಕಾಗದಗಳನ್ನು ಕಾಯುತ್ತ ಕುಳಿತಿತ್ತು. ನನ್ನ ಅಣ್ಣ ಕೊಟ್ಟ ಹಳೆಯ ಕ್ಯಾಮೆರಾ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ತಂದು ಮೊದಲ ಚಿತ್ರ ತೆಗೆದೆ. ಆ ರೋಲು ಮುಗಿದಾಗ ತೊಳೆದುಕೊಟ್ಟ ಸ್ಟುಡಿಯೋದವರು ಚಿತ್ರಗಳನ್ನು ತಿರುವಿ ತಿರುವಿ ನೋಡಿ ಕೇಳಿದರು:

“ಅಕ್ಕಾರ, ಪೂರಾ ರೋಲಿನ್ಯಾಗ ಒಬ್ಬ ಮನಷ್ಯಾನೂ ಇಲ್ಲಲ್ರಿ! ಕ್ಯಾಮೆರಾ ಕೆಟ್ಟೈತೇನು?”

ಆ ದಿನಗಳ ಗಾಳಿಯಲ್ಲೇ ಒಂದು ಹುರುಪಿತ್ತು. ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಹುಟ್ಟಿದಾಗಿನಿಂದ ನಾವು ಯಾರಿಗೆ ವಿಳಾಸ ಬರೆದುಕೊಟ್ಟರೂ ಕೊನೆಯ ಸಾಲಿನಲ್ಲಿ ‘ಜಿಲ್ಲಾ ಧಾರವಾಡ’ ಎಂದು ಬರೆಯಬೇಕಿತ್ತು. ಧಾರವಾಡದ ಮೇಲೆ ನಮಗೇನೂ ಸಿಟ್ಟಿಲ್ಲ. ಅದರ ಫೇಡೆ ತಿಂದಿದ್ದೇವೆ, ಅದರ ಕಾಲೇಜುಗಳಲ್ಲಿ ಓದಿದ್ದೇವೆ. ಆದರೂ ಕೂಡುಕುಟುಂಬದಲ್ಲಿ ಎಷ್ಟೇ ಸುಖವಿದ್ದರೂ ಬೇರೆ ಒಲೆ ಹೂಡಿದ ಸೊಸೆಯ ಮುಖದ ಕಳೆಯೇ ಬೇರೆ. ಆ ಕಳೆಯನ್ನು ನಾನು ಟಪಾಲು ಡಬ್ಬಿಗಳ ಮೇಲೆ ಕಂಡೆ. ಊರೂರಿನಲ್ಲಿ ಜನ ಡಬ್ಬಿಯ ಮೇಲಿನ ‘ಧಾರವಾಡ’ಕ್ಕೆ ಬಣ್ಣ ಬಳಿದು ‘ಗದಗ’ ಎಂದು ಬರೆಸಿದ್ದರು. ಕೆಲವರು ಹಳೆಯ ಹೆಸರು ಕಾಣುವಷ್ಟೇ ತೆಳ್ಳಗೆ ಬಳಿದು ಅದರ ಮೇಲೆ ಹೊಸದನ್ನು ದಪ್ಪಗೆ ಬರೆದಿದ್ದರು. ಸರಕಾರ ಗೆಜೆಟ್ಟಿನಲ್ಲಿ ಸಾರಿದ್ದನ್ನು ನಮ್ಮ ಜನ ತಗಡಿನ ಮೇಲೆ ಸಾರಿದ್ದರು.

ಆದರೆ ಹೊಸ ಜಿಲ್ಲೆ ನನಗೊಂದು ತೊಂದರೆಯನ್ನೂ ತಂದಿತು. ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಮನೆಮನೆಯ ಮುಂದೆ ನಿಲ್ಲುವ ಹೆಂಗಸು ಹೊಸ ಕಚೇರಿಯವಳೇ ಇರಬೇಕೆಂದು ಎಲ್ಲರೂ ನಂಬಿದರು. ಶಿರಹಟ್ಟಿಯಲ್ಲಿ ಒಬ್ಬ ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತು, “ಮನಿ ಪಟ್ಟಿ ಏರಸಾಕ ಬಂದೀಯೇನವಾ? ನಮ್ದು ಬರೇ ಎರಡ ಖೋಲಿ, ಅದ್ರಾಗ ಒಂದು ಸೋರತೈತಿ” ಎಂದಳು. ನಾನು ತೆರಿಗೆಯವಳಲ್ಲ, ನಿಮ್ಮ ಡಬ್ಬಿ ಚೆಂದ ಇದೆ ಎಂದು ನಿಂತೆ ಎಂದಾಗ ಅಜ್ಜಿ ನನ್ನನ್ನು ಇನ್ನೂ ಅನುಮಾನದಿಂದ ನೋಡಿದಳು. ತೆರಿಗೆಯವರನ್ನು ಆಕೆ ಬಲ್ಲಳು. ಡಬ್ಬಿ ನೋಡಲು ಬರುವವರನ್ನು ಎಂದೂ ಕಂಡಿರಲಿಲ್ಲ.

ಮುಂಡರಗಿಯಲ್ಲಿ ರೈತರೊಬ್ಬರು ಹಳೆಯ ಕೂರಿಗೆಯ ಬಟ್ಟಲನ್ನು ಗೋಡೆಗೆ ಕೂರಿಸಿ, ಅದರ ಕೆಳಗೆ ಅಗಲವಾದ ಕೊಳವೆ ಜೋಡಿಸಿದ್ದರು. ಬಿತ್ತುವಾಗ ಕಾಳು ಹಾಕುವ ಬಟ್ಟಲಲ್ಲಿ ಕಾಗದ ಹಾಕಿದರೆ ಅದು ಜಾರಿ ಒಳಗಿನ ಪಡಸಾಲೆಯಲ್ಲಿ ಬೀಳುತ್ತಿತ್ತು.

“ಕಾಗದ ಬಿತ್ತಿದ್ರ ಏನ ಬೆಳೀತೈತ್ರಿ?” ಎಂದು ಚೇಷ್ಟೆಗೆ ಕೇಳಿದೆ.

“ನಾವೂ ತಿರಗಿ ಒಂದ ಕಾಗದ ಬರದ್ರ ಬೆಳೀತೈತ್ರಿ. ಬರೀಲಿಲ್ಲಂದ್ರ ಹೊಲಾ ಬೀಳು” ಎಂದರು ಅವರು. ಅಂದು ಮನೆಗೆ ಬಂದು ತಂಗಿಗೆ ಉತ್ತರ ಬರೆದೆ.

ಹಳಗನ್ನಡದಲ್ಲಿ ‘ಅಂಚೆ’ ಎಂದರೆ ಹಂಸ. ಹಳೆಯ ಕಥೆಗಳಲ್ಲಿ ಪ್ರೇಮಿಗಳ ನಡುವೆ ಸುದ್ದಿ ಒಯ್ಯುವುದೂ ಹಂಸವೇ. ಈ ಅಂಚೆಗೂ ಕಾಗದ ತರುವ ಅಂಚೆಗೂ ನೆಂಟಸ್ತನವಿದೆಯೋ ಇಲ್ಲವೋ ಭಾಷೆ ಬಲ್ಲವರು ಹೇಳಲಿ. ನಮ್ಮ ಕಡೆ ‘ಟಪಾಲು’ ಎಂಬ ಮಾತೇ ರೂಢಿಯಾದ್ದರಿಂದ ನಮಗೆ ಹಂಸದ ಗೊಡವೆ ಇಲ್ಲ. ಆದರೆ ಹಂಸವೇ ಬಂದಿಳಿದರೂ ಅದಕ್ಕೆ ಕೂರಲು ತಕ್ಕ ಜಾಗ ಗದಗ ಸೀಮೆಯಲ್ಲಿದೆ ಎಂದು ನನಗೆ ಗೊತ್ತಾದದ್ದು ಲಕ್ಷ್ಮೇಶ್ವರದಲ್ಲಿ.

ಅಲ್ಲಿ ಪೇಟೆಯ ಹಿಂದಿನ ಓಣಿಯೊಂದರಲ್ಲಿ, ಒಂದು ಮನೆಯ ಗೋಡೆಯ ಮೇಲೆ ಕೆಂಪು ಬಸ್ಸೊಂದು ನಿಂತಿತ್ತು. ಮೊಳದುದ್ದದ ತಗಡಿನ ಬಸ್ಸು. ಕಿಟಕಿಗಳಿಗೆ ಸರಳು, ಮೇಲೆ ಸಾಮಾನು ಹೇರುವ ಕಟಕಟೆ, ಅದರಲ್ಲಿ ಕಟ್ಟಿದ ಪುಟ್ಟ ಗಂಟುಗಳು, ಔಷಧ ಶೀಶೆಯ ಮುಚ್ಚಳದ ಗಾಲಿಗಳು. ಟಪಾಲಿನವರು ಮುಂದಿನ ಗಾಜಿನ ಜಾಗದಿಂದ ಕಾಗದ ಹಾಕಬೇಕು, ಮನೆಯವರು ಹಿಂದಿನ ಬಾಗಿಲಿನಿಂದ ಇಳಿಸಿಕೊಳ್ಳಬೇಕು. ಮಳೆ ಒಳಗೆ ಹೋಗದ ಹಾಗೆ ಮುಂದಿನ ಗಾಜಿನ ಮೇಲೊಂದು ಚಜ್ಜಾ. ಹಣೆಯ ಮೇಲೆ ‘ಲಕ್ಷ್ಮೇಶ್ವರ – ಗದಗ’ ಎಂಬ ಬೋರ್ಡು. ನಾನು ದಾರಿಯಲ್ಲೇ ನಿಂತು ಜೋರಾಗಿ ನಕ್ಕುಬಿಟ್ಟೆ.

ನಗು ಕೇಳಿ ಹೊರಬಂದವರು ದಾವಲಸಾಬರು. ಟ್ರಂಕು ಮಾಡುವುದು ಅವರ ಕಸುಬು. ಮನೆಯ ಮುಂಭಾಗವೇ ಅಂಗಡಿ. ಸುತ್ತಲ ಊರಿನ ಎಷ್ಟೋ ಮದುವೆಗಳಿಗೆ ಅವರ ಟ್ರಂಕು ಹೋಗುತ್ತಿತ್ತು. ಈ ಬಸ್ಸು ಯಾರು ಮಾಡಿದ್ದು ಎಂದು ಕೇಳಿದೆ.

“ನಾವ ಮಾಡಿದ್ದು, ಅಕ್ಕಾರ. ತಗಡಿನ ಕಸಬಿನ ಮನಿ ನಮ್ದು” ಎಂದು ಅವರು ಗಡ್ಡ ನೀವಿಕೊಂಡರು. “ಬರ್ರಿ ಒಳಗ, ಕುಂಡ್ರಿ. ಚಾ ಕುಡದ ಹೋಗ್ರಿ.”

ಚಹಾ ತಂದವಳು ಅವರ ಮಗಳು ಶಮೀಮ. ಇಪ್ಪತ್ತರ ಆಸುಪಾಸಿನ, ಮಾತು ಕಡಿಮೆಯ ಹುಡುಗಿ. ಗಂಟುಗಳನ್ನು ಯಾವುದರಿಂದ ಮಾಡಿದ್ದೀರಿ ಎಂದು ನಾನು ದಾವಲಸಾಬರನ್ನು ಕೇಳಿದರೆ ಅವರು ಮಗಳ ಕಡೆ ನೋಡಿದರು. “ಹಳೀ ಕುಬಸದ ಚೂರರಿ” ಎಂದು ಆಕೆ ಮೆಲ್ಲಗೆ ಹೇಳಿ ಒಳಗೆ ಹೋದಳು. ಬಟ್ಟೆಯ ವಿಚಾರ ಹೆಣ್ಣುಮಕ್ಕಳಿಗೆ ಗೊತ್ತಿರುತ್ತದೆ ಎಂದುಕೊಂಡು ನಾನು ಚಹಾ ಹೀರಿದೆ. ಬಸ್ಸಿನ ಪಕ್ಕ ದಾವಲಸಾಬರನ್ನು ನಿಲ್ಲಿಸಿ ಚಿತ್ರ ತೆಗೆದೆ. ಸ್ಟುಡಿಯೋದವರ ಬಾಯಿ ಮುಚ್ಚಿಸಲು ಒಬ್ಬರಾದರೂ ಸಿಕ್ಕರಲ್ಲ ಎಂದು ಸಮಾಧಾನವಾಯಿತು.

ಆ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಶಾಲೆಯಲ್ಲಿ ‘ನಮ್ಮ ಹೊಸ ಜಿಲ್ಲೆ’ ಎಂಬ ಪ್ರದರ್ಶನ ಇಡಬೇಕೆಂದಾಯಿತು. ಗೋಡೆ ತುಂಬಿಸುವ ಕೆಲಸ ಚಿತ್ರಕಲೆಯವಳಾದ ನನ್ನದು. ನಾನು ಟಪಾಲು ಡಬ್ಬಿಗಳ ಚಿತ್ರಗಳನ್ನು ಮೇಜಿನ ಮೇಲೆ ಹರಡಿದಾಗ ನಮ್ಮ ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸಿಕೊಂಡರು.

“ಅಲ್ರಿ ಬಾಯಾರ, ಲಕ್ಕುಂಡಿ ಗುಡಿ ಐತಿ, ಕಪ್ಪತಗುಡ್ಡ ಐತಿ. ಅವನ್ನೆಲ್ಲಾ ಬಿಟ್ಟು ಡಬ್ಬಿ ತೋರಸೋಣೇನ್ರಿ? ಬಂದ ಪಾವಣ್ಯಾರು ನಗಂಗಿಲ್ಲೇನು?”

“ಗುಡಿ ಕಟ್ಟಿದವರು ಈಗ ಇಲ್ರಿ ಸರ್. ಡಬ್ಬಿ ಮಾಡಿದವರು ಇದ್ದಾರ. ಕರದ್ರ ಬರ್ತಾರ” ಎಂದೆ.

ಅವರಿಗೆ ಒಪ್ಪಿಗೆಯಾಗಲಿಲ್ಲ, ಆದರೆ ಬೇಡವೆನ್ನಲೂ ಇಲ್ಲ. ಒಂದು ಗೋಡೆ ಗುಡಿಗೆ, ಒಂದು ಗೋಡೆ ಡಬ್ಬಿಗೆ ಎಂದು ತೀರ್ಮಾನವಾಯಿತು. ನಾನು ಪ್ರತಿ ಚಿತ್ರದ ಕೆಳಗೆ ಮಾಡಿದವರ ಹೆಸರು ಬರೆದೆ, ಎಲ್ಲರಿಗೂ ಕಾರ್ಡು ಹಾಕಿ ಕರೆದೆ. ಬರುತ್ತಾರೆಂಬ ಧೈರ್ಯ ಮಾತ್ರ ಇರಲಿಲ್ಲ. ಯಾರೂ ಬಾರದೆ ಅತಿಥಿಗಳು ನಕ್ಕರೆ ಗತಿಯೇನೆಂದು ಬೆಳಗಿನಿಂದ ಶಾಲೆಯ ಗೇಟಿನ ಕಡೆಗೇ ನೋಡುತ್ತಿದ್ದೆ.

ಬಂದರು. ನೇಕಾರರು ಮನೆಮಂದಿಯೊಂದಿಗೆ ಬಂದರು. ಮುಂಡರಗಿಯ ರೈತರು ಹೊಸ ರುಮಾಲು ಸುತ್ತಿ ಬಂದರು. ಶಿರಹಟ್ಟಿಯ ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದು, ತನ್ನ ಡಬ್ಬಿಯ ಚಿತ್ರದ ಮುಂದೆ ನಿಂತು, ಹೋಗಿಬರುವವರಿಗೆಲ್ಲ “ಇದು ನಮ್ದು” ಎಂದು ತೋರಿಸತೊಡಗಿದಳು. ದಿನವೂ ಕಣ್ಣೆದುರು ಇರುವ ವಸ್ತುವನ್ನು ಗೋಡೆಯ ಮೇಲೆ ಕಂಡಾಗ ಜನರ ಬೆನ್ನು ತಾನಾಗಿ ನೆಟ್ಟಗಾಗುವುದನ್ನು ನಾನು ಅಂದು ನೋಡಿದೆ. ಲಕ್ಕುಂಡಿಯ ಗೋಡೆಯ ಮುಂದೆ ಜನ ಕೈಮುಗಿದು ಮುಂದೆ ಸಾಗುತ್ತಿದ್ದರು. ಡಬ್ಬಿಯ ಗೋಡೆಯ ಮುಂದೆ ಗದ್ದಲ.

ಎಲ್ಲಕ್ಕಿಂತ ಹೆಚ್ಚು ಗದ್ದಲ ಬಸ್ಸಿನ ಚಿತ್ರದ ಮುಂದೆ. ಅತಿಥಿಗಳಾಗಿ ಬಂದಿದ್ದ ಹಿರಿಯ ಅಧಿಕಾರಿಯೊಬ್ಬರು ಅದನ್ನು ಬಹಳ ಹೊತ್ತು ನೋಡಿ, ಇದನ್ನು ಮಾಡಿದವರಿಗೆ ನಾನೇ ಶಾಲು ಹೊದಿಸುತ್ತೇನೆ ಎಂದರು. ದಾವಲಸಾಬರು ಹೆಂಡತಿ ಮಗಳೊಂದಿಗೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಹೆಸರು ಕೂಗಿದಾಗ ಎದ್ದು ವೇದಿಕೆಗೆ ಬಂದರು. ಚಪ್ಪಾಳೆ ಬಿತ್ತು. ಅತಿಥಿಗಳು ಶಾಲು ಬಿಡಿಸಿದರು. ದಾವಲಸಾಬರು ಅದರ ಅಂಚು ಹಿಡಿದು ತಡೆದರು.

“ಇದು ನನಗ ಬ್ಯಾಡ್ರಿ ಸಾಹೇಬ್ರ.”

“ಯಾಕ್ರಿ?”

ಅವರು ಮೈಕಿನ ಕಡೆ ನೋಡದೆ ಗಟ್ಟಿಯಾಗಿಯೇ ಹೇಳಿದರು. “ನಾ ಟ್ರಂಕ ಮಾಡಾವ್ರಿ. ನಾಕ ಮೂಲಿ ಪೆಟಗಿ ಬಡಿಯೋದು ನನಗ ಗೊತ್ತು. ಈ ಬಸ್ ಮಾಡಿದಾಕಿ ಅಲ್ಲಿ ಕುಂತಾಳ್ರಿ, ನನ್ನ ಮಗಳು. ಉಳದ ತಗಡ ಒಟ್ಟುಮಾಡಿ, ಹಿತ್ತಲದಾಗ ಕುಂತು ಒಬ್ಬಾಕಿನ ಮಾಡ್ಯಾಳ. ಹೆಣ್ಣಹುಡುಗಿ ತಗಡ ಬಡೀತಾಳಂದ್ರ ಮಂದಿ ನಗ್ತಾರಂತ ನಾ ‘ನಾವ ಮಾಡಿದ್ದು’ ಅಂದೆ.” ಸಭೆಯನ್ನೆಲ್ಲ ಒಮ್ಮೆ ನೋಡಿದರು. “ಇವತ್ತ ನೋಡಿದ್ರ ನಗೋರು ಯಾರೂ ಕಾಣವಲ್ರು.”

ಎಲ್ಲರ ತಲೆಯೂ ಹಿಂದಿನ ಬೆಂಚಿನ ಕಡೆ ತಿರುಗಿತು. ಶಮೀಮ ಮುಖ ಮುಚ್ಚಿಕೊಳ್ಳಬಹುದೆಂದು ನಾನು ಹೆದರಿದ್ದೆ. ಆಕೆ ಎದ್ದು ನಿಂತಳು.

“ಅಬ್ಬಾ, ಶಾಲು ನೀವ ತಗೋರಿ. ತಗಡ ನಿಮ್ದ ಐತಲ್ಲ!”

ಸಭೆ ನಕ್ಕಿತು. ಅದು ದಾವಲಸಾಬರು ಹೆದರಿದ್ದ ನಗು ಆಗಿರಲಿಲ್ಲ. ಅವರೂ ನಕ್ಕರು, ಕಣ್ಣು ಒರೆಸಿಕೊಂಡರು, ಕೆಳಗಿಳಿದು ಹೋಗಿ ಮಗಳನ್ನು ಕರೆತಂದರು. ಅತಿಥಿಗಳು ಶಾಲನ್ನು ಹೊದಿಸಿದ್ದು ಆಕೆಗೆ. ಮುಖ್ಯೋಪಾಧ್ಯಾಯರು ನನಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದರು ಎಂಬುದನ್ನು ಇಲ್ಲಿ ಬರೆಯದಿದ್ದರೆ ನ್ಯಾಯವಾಗುವುದಿಲ್ಲ. ನಾನು ಪೆನ್ನು ಹುಡುಕಿ ಚಿತ್ರದ ಕೆಳಗಿನ ಹೆಸರು ತಿದ್ದಲು ಹೋದಾಗ ದಾವಲಸಾಬರು ಹಿಂದೆಯೇ ಬಂದು, “ಆಕಿ ಹೆಸರ ದೊಡ್ಡದಾಗಿ ಬರೀರಿ. ನಂದೂ ಇರಲಿ, ಬಾಜೂಕ ಸಣ್ಣಂಗ” ಎಂದರು.

ಅವರು ‘ನಾವ’ ಎಂದದ್ದರ ಬಗ್ಗೆ ನಾನು ಆಮೇಲೆ ಬಹಳ ಯೋಚಿಸಿದೆ. ನಮ್ಮ ಭಾಷೆಯಲ್ಲಿ ಅದೊಂದು ಉಪಕಾರಿ ಶಬ್ದ. ದೊಡ್ಡಸ್ತಿಕೆಗೂ ಬರುತ್ತದೆ, ಸಂಕೋಚಕ್ಕೂ ಬರುತ್ತದೆ, ಮಗಳನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳಲೂ ಬರುತ್ತದೆ. ಹೊಸ ಜಿಲ್ಲೆಯ ಬಗ್ಗೆ ‘ನಾವು’ ‘ನಮ್ಮದು’ ಎಂದು ಎದೆಯುಬ್ಬಿಸುತ್ತಿದ್ದ ನಮಗೆಲ್ಲ, ಆ ‘ನಾವು’ ಎಂಬುದರ ಒಳಗೆ ಯಾರಾರು ಕುಳಿತಿದ್ದಾರೆ ಎಂದು ಎಣಿಸಿ ನೋಡಲು ಪುರುಸೊತ್ತಿರಲಿಲ್ಲ.

ಕೆಲವು ದಿನ ಬಿಟ್ಟು ಸರಿಯಾದ ಚಿತ್ರ ತೆಗೆಯಲು ಮತ್ತೆ ಲಕ್ಷ್ಮೇಶ್ವರಕ್ಕೆ ಹೋದೆ. ಅಂಗಡಿಯಲ್ಲಿ ಶಮೀಮ ಮುಂದೆಯೇ ಕುಳಿತು ಸುತ್ತಿಗೆ ಹಿಡಿದಿದ್ದಳು. ಮುಂಡರಗಿಯ ಯಾರೋ ತುಂಗಭದ್ರೆಯ ಹರಗೋಲಿನ ಆಕಾರದ ಡಬ್ಬಿ ಬೇಕೆಂದು ಕೇಳಿದ್ದರಂತೆ. ಹರಗೋಲಿಗೆ ಮುಚ್ಚಳ ಕೂಡಿಸಿದರೆ ಅದು ಬುಟ್ಟಿಯ ಹಾಗೆ ಕಾಣುತ್ತದೆ, ಏನು ಮಾಡಲಿ ಎಂದು ನನ್ನನ್ನೇ ಕೇಳಿದಳು. ಚಿತ್ರಕಲೆಯವಳಾದ ನಾನು ಗಂಭೀರವಾಗಿ ಯೋಚಿಸಿ ಮೇಲ್ಗಡೆ ಒಂದು ಸೀಳು ಕೊರೆಯಬಹುದು ಎಂದೆ. ಆಕೆ ಸಭ್ಯತೆಯಿಂದ, “ನೋಡೂಣ್ರಿ ಅಕ್ಕಾರ” ಎಂದಳು.

ಬಸ್ಸಿನ ಒಂದು ಪಕ್ಕ ಆಕೆಯನ್ನು ನಿಲ್ಲಿಸಿದೆ. ಒಬ್ಬಳೇ ನಿಲ್ಲಲು ಒಪ್ಪದೆ ಅಪ್ಪನನ್ನು ಇನ್ನೊಂದು ಪಕ್ಕಕ್ಕೆ ಕರೆದಳು. ದಾವಲಸಾಬರು ಟೊಪ್ಪಿಗೆ ಸರಿಮಾಡಿಕೊಂಡು ನಿಂತರು.

“ಯಾರ ಡ್ರೈವರ್ ಇದಕ್ಕ?” ಎಂದು ನಾನು ಅವರನ್ನು ನಗಿಸಲು ಕೇಳಿದೆ.

“ಡ್ರೈವರ್ ಆಕಿ” ಎಂದರು ದಾವಲಸಾಬರು. “ನಾ ಬರೇ ಕಂಡಕ್ಟರ್. ಹಿಂದ ನಿಂತು ‘ರೈಟ್, ರೈಟ್’ ಅಂತೇನಿ.”

ನಗಿಸಲು ಹೋದ ನಾನೇ ನಕ್ಕೆ. ಗುಂಡಿ ಒತ್ತುವಾಗ ಕೈ ಅಲುಗಿತು. ಆ ಚಿತ್ರ ಈಗಲೂ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ, ಕೊಂಚ ಮಸುಕಾಗಿದೆ. ಯಾಕೆ ಹೀಗಾಯಿತು ಎಂದು ಬಂದವರು ಕೇಳಿದರೆ, ನಾನು ತೆಗೆಯುವ ಹೊತ್ತಿಗೆ ಬಸ್ಸು ಬಿಟ್ಟಿತ್ತು ಎನ್ನುತ್ತೇನೆ.