ನೀರಿನ ಸಾಲು ಬಿಟ್ಟುಕೊಡದ ಸುಲುವಾನ್

ಚೀನಾದ ಕರಾವಳಿಯ ಚ್ವಾನ್‌ಝೌ ಊರಿನ ಮುದ್ರಣಾಲಯದಲ್ಲಿ ಅಚ್ಚುಮೊಳೆ ಆರಿಸುವ ಕೆಲಸಕ್ಕೆ ಸೇರಿದಾಗ ಷಿ ಸುಲುವಾನ್‌ಗೆ ಹದಿನೇಳು ವರ್ಷ. ಓದಲು ಬರುತ್ತಿದ್ದದ್ದು ತನ್ನ ಹೆಸರೊಂದೇ. ಎದುರಿಗೆ ಏಳು ಸಾವಿರ ಸೀಸದ ಅಚ್ಚುಮೊಳೆಗಳು, ಚೀನೀ ಲಿಪಿಯ ಒಂದೊಂದು ಪದಕ್ಕೆ ಒಂದೊಂದು ಅಕ್ಷರ. ಬೇರೆಯವಳಾಗಿದ್ದರೆ ಅಂದೇ ಮನೆಗೆ ಓಡುತ್ತಿದ್ದಳು.

ಆದರೆ ಆ ಮೊಳೆಗಳು ನಿಘಂಟಿನಲ್ಲಿರುವಂತೆ ತಮ್ಮ ತಮ್ಮ ಬುಡದ, ಅಂದರೆ ಅಕ್ಷರದೊಳಗಿನ ಮೂಲ ಗುರುತಿನ, ಪ್ರಕಾರ ಕೂತಿದ್ದವು. ನೀರಿನ ಗುರುತು ಹೊತ್ತ ಅಕ್ಷರಗಳೆಲ್ಲ ಒಂದು ಸಾಲು, ಮರದವು ಒಂದು ಸಾಲು, ಹೆಣ್ಣಿನವು ಇನ್ನೊಂದು. ಬುಡ ಗುರುತಿಸು, ಉಳಿದ ಗೀಟು ಎಣಿಸು, ಕೈ ಹಾಕು. ಆರು ತಿಂಗಳಲ್ಲಿ ಅವಳ ಕೈಗೆ ಎಲ್ಲ ಸಾಲುಗಳೂ ಗೊತ್ತಾದವು. ಓದು ಆಮೇಲೆ ಬಂತು, ನಿಧಾನವಾಗಿ.

ಕರಡು ತಿದ್ದುವ ಝುವಾಂಗ್‌ಗೆ ಅವಳನ್ನು ಕೆಣಕದಿದ್ದರೆ ಚಹಾ ಇಳಿಯುತ್ತಿರಲಿಲ್ಲ. "ನಿಮ್ಮ ಹೆಣ್ಣಿನ ಸಾಲು ನೋಡಮ್ಮ! ಹೊಟ್ಟೆಕಿಚ್ಚು ಅಲ್ಲಿದೆ, ಕಪಟ ಅಲ್ಲಿದೆ..."

"ಒಳ್ಳೇದು ಅನ್ನೋ ಅಕ್ಷರಾನೂ ಅಲ್ಲೇ ಇದೆ, ಝುವಾಂಗಣ್ಣ. ಕನ್ನಡಕ ಒರೆಸ್ಕೊಂಡು ನೋಡು."

ಹೀಗೆ ಇಪ್ಪತ್ತನಾಲ್ಕು ವರ್ಷ ಕಳೆಯಿತು. ಆಗ ಉತ್ತರದಿಂದ ಮಿಯಾವ್ ಎಂಬ ಹೊಸ ಮುಖ್ಯಸ್ಥ ಬಂದ. ಬಂದವನೇ ಕಪಾಟುಗಳನ್ನು ನೋಡಿ ಮೂಗು ಮುರಿದ. ಇನ್ನು ಮೇಲೆ ಮೊಳೆಗಳು ಉಚ್ಚಾರದ ಕ್ರಮದಲ್ಲಿ ಇರಬೇಕು, ರಾಜಧಾನಿಯ ಮಾತಿನಲ್ಲಿ ಗಟ್ಟಿಯಾಗಿ ಓದಲು ಬಾರದವರು ಕಾಗದ ಮಡಿಸುವ ಕೋಣೆಗೆ ಹೋಗಬೇಕು ಎಂದ. ಪರೀಕ್ಷೆಯನ್ನೂ ಇಟ್ಟ. ಕೆಟ್ಟವನಲ್ಲ, ತನ್ನ ನಾಲಿಗೆಯೇ ದೇಶದ ನಾಲಿಗೆ ಎಂದು ತಿಳಿದವನು, ಅಷ್ಟೇ. ಹುಟ್ಟಿದಾಗಿನಿಂದ ಕರಾವಳಿಯ ಮಾತಾಡಿದ ಸುಲುವಾನ್ ಎರಡನೆಯ ಸಾಲಿಗೇ ತಡವರಿಸಿ ನಿಂತಳು. ಕೋಣೆಯಲ್ಲಿ ಯಾರೋ ಕಿಸಕ್ಕೆಂದರು.

ಮರುದಿನ ಗೋಡೆಯ ಮೇಲೆ ಪಟ್ಟಿ ಅಂಟಿಸಿದರು. ಮಡಿಸುವ ಕೋಣೆಯವರಲ್ಲಿ ಅವಳದೇ ಮೊದಲ ಹೆಸರು. ಅಷ್ಟರಲ್ಲಿ ಉಳಿದವರು ಕಪಾಟುಗಳನ್ನು ಬಿಚ್ಚತೊಡಗಿದ್ದರು. ಅವಳು ಒಂದು ಸ್ಟೂಲು ಎಳೆದು ನೀರಿನ ಸಾಲಿನ ಮುಂದೆ ಹಾಕಿಕೊಂಡು ಕೂತಳು.

"ಏಳಿ, ಷಿ ಮೇಸ್ತ್ರಿ" ಎಂದ ಮಿಯಾವ್.

"ಏಳಲ್ಲ."

"ಇದು ಆದೇಶ."

"ಆದೇಶ ನಿಮ್ದು, ಬೆನ್ನು ನಂದು. ಎತ್ತಿ ಆಚೆ ಹಾಕೋ ಹಾಗಿದ್ರೆ ನಾಲ್ಕು ಜನಾನ ಕರೀರಿ. ಒಬ್ಬರ ಕೈಲಾಗಲ್ಲ."

ಯಾರೂ ಮುಂದೆ ಬರಲಿಲ್ಲ. ಮೂರು ದಿನ ಅವಳು ಊಟದ ಡಬ್ಬಿಯ ಸಿಹಿಗೆಣಸಿನ ಗಂಜಿಯನ್ನೂ ಅಲ್ಲೇ ಕುಡಿದಳು. ಒಳಗೊಳಗೆ ಹೆದರಿಕೆ ಇಲ್ಲದಿರಲಿಲ್ಲ. ಈ ಕೋಣೆ ಬಿಟ್ಟರೆ ತಾನು ಮತ್ತೆ ಅದೇ ಹದಿನೇಳರ ಏನೂ ಗೊತ್ತಿಲ್ಲದ ಹುಡುಗಿ ಎಂಬುದು ಅವಳಿಗೆ ಗೊತ್ತಿತ್ತು.

ನಾಲ್ಕನೆಯ ದಿನ ಮೀನುಗಾರರ ಹಳ್ಳಿಯೊಂದರ ಮತದಾರರ ಪಟ್ಟಿ ಅಚ್ಚಿಗೆ ಬಂತು. ಸಂಜೆಯೊಳಗೆ ಅದು ಹಳ್ಳಿಯ ಗೋಡೆಯ ಮೇಲಿರಬೇಕು. ಆ ಕಡೆಯ ಪದ್ಧತಿ ಹೇಗೆಂದರೆ, ಮಗು ಹುಟ್ಟಿದ ಕೂಡಲೇ ಜೋಯಿಸನ ಬಳಿ ಓಡುತ್ತಾರೆ. ಜಾತಕದಲ್ಲಿ ನೀರು ಕಡಿಮೆ ಎಂದು ಅವನೆಂದರೆ, ನೀರಿನ ಬುಡವಿರುವ ಅಕ್ಷರವೊಂದನ್ನು ಹಳೆಯ ನಿಘಂಟಿನಿಂದ ಹೆಕ್ಕಿ ಹೆಸರಿಡುತ್ತಾರೆ. ದಿನವಿಡೀ ಸಮುದ್ರದಲ್ಲಿ ನೆನೆಯುವವರಿಗೆ ನೀರಿನ ಕೊರತೆ! ಪಟ್ಟಿಯ ತುಂಬ ಯಾರೂ ಕಂಡರಿಯದ ಅಕ್ಷರಗಳು. ಉಚ್ಚಾರ ಗೊತ್ತಿಲ್ಲದಿದ್ದರೆ ಉಚ್ಚಾರದ ಕಪಾಟಿನಲ್ಲಿ ಎಲ್ಲಿ ಹುಡುಕುವುದು? ಉಚ್ಚಾರ ಹಿಡಿದು ಹುಡುಕುವುದನ್ನಷ್ಟೇ ಕಲಿತಿದ್ದ, ಮೊಳೆ ಆರಿಸುವ ಹೊಸ ಹುಡುಗಿಯರು ಮಿಯಾವ್‌ನನ್ನು ಕೇಳಿದರು. ಅವನಿಗೂ ಗೊತ್ತಿರಲಿಲ್ಲ.

"ಸಿಗದೇ ಇರೋ ಕಡೆ ಯಾವುದಾದ್ರೂ ಒಂದು ಮೊಳೆ ತಲೆಕೆಳಗು ಮಾಡಿ ಇಡಿ" ಎಂದ. ಹಾಗೆ ಮಾಡಿದರೆ ಆ ಜಾಗದಲ್ಲಿ ಬರೀ ಕರಿಚೌಕ ಮೂಡುತ್ತದೆ.

ಸುಲುವಾನ್ ಸ್ಟೂಲಿನಿಂದ ಎದ್ದಳು. "ಮನುಷ್ಯರ ಹೆಸರಿಗೆ ಮಸಿ ಬಳೀತೀರಾ? ನಾಳೆ ಅವರು ಬಂದು ನನ್ನ ಹೆಸರೆಲ್ಲಿ ಅಂದ್ರೆ ಈ ಚೌಕ ತೋರಿಸ್ತೀರಾ? ಕೊಡಿ ಇಲ್ಲಿ."

ಹಸ್ತಪ್ರತಿಯನ್ನು ಅವನ ಕೈಯಿಂದ ಕಿತ್ತುಕೊಂಡೇ ಬಿಟ್ಟಳು. ಹೆಸರು ನೋಡುವಳು, ತುಟಿಯಲ್ಲೇ ಗೀಟು ಎಣಿಸುವಳು, ಕೈ ಹಾಕುವಳು. ಮೂವತ್ತೊಂದು ಹೆಸರುಗಳ ನೀರೆಲ್ಲ ಅವಳು ಕಾಯ್ದ ಸಾಲಿನಲ್ಲೇ ಇತ್ತು. ಝುವಾಂಗ್ ಕರಡು ತಿದ್ದಿದ, ಒಂದೂ ತಪ್ಪಿಲ್ಲ.

ಮಿಯಾವ್ ಒಂದು ಮೊಳೆಯನ್ನು ಬೆಳಕಿಗೆ ಹಿಡಿದ. "ಇದನ್ನ ಹೇಗೆ ಓದ್ತಾರೆ?"

"ಗೊತ್ತಿಲ್ಲ. ಅವರಮ್ಮನಿಗೆ ಗೊತ್ತಿರುತ್ತೆ. ನನ್ನ ಕೆಲ್ಸ ಹುಡುಕಿ ಕೊಡೋದು."

ಅವನು ಮೊಳೆಯನ್ನು ಕೆಳಗಿಟ್ಟ. ಸೋತೆ ಎನ್ನಲು ಬಾಯಿ ಬರಲಿಲ್ಲ. ಗೋಡೆಯ ಕಡೆ ಬೆರಳು ಮಾಡಿ, "ಆದ್ರೂ ನಿಯಮ ನಿಯಮಾನೇ. ನಿಮ್ಮ ಹೆಸರು ಮಡಿಸೋ ಕೋಣೆ ಪಟ್ಟಿಲಿದೆ" ಎಂದ.

ಅವಳು ಮಸಿಯಾದ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು. ಸ್ಟೂಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಇನ್ನು ಅದು ಬೇಕಿರಲಿಲ್ಲ. ಬಿಚ್ಚಿಹಾಕಿದ್ದ ಮರದ ಸಾಲಿನ ಮೊಳೆಗಳನ್ನು ಬೊಗಸೆಯಲ್ಲಿ ಎತ್ತಿಕೊಂಡು ಒಂದೊಂದಾಗಿ ಹಳೆಯ ಗೂಡಿಗೆ ಇಡತೊಡಗಿದಳು.

"ಹೆಸರು ಅಲ್ಲೇ ಇರ್ಲಿ, ಸಾಹೇಬ್ರೇ" ಎಂದಳು, ತಲೆಯೆತ್ತದೆ. "ನಾನು ಇಲ್ಲಿರ್ತೀನಿ."