ಬೀಜದ ಟ್ರಂಕಿನಲ್ಲಿ ಲ್ಯಾಪ್‌ಟಾಪ್

ಅತ್ತೆಯವರ ಬಲಗಿವಿಯ ಹಾಲೆ ಹರಿದು ಎರಡು ಸೀಳಾಗಿತ್ತು. ಹರೆಯದಲ್ಲಿ ಎಮ್ಮೆಗೆ ಮೇವು ಹಾಕುವಾಗ ಅದು ತಲೆ ಒಗೆದು, ಕೋಡಿಗೆ ಬೆಂಡೋಲೆ ಸಿಕ್ಕು ಹರಿದದ್ದಂತೆ. "ಒಂದ ಕಿವಿ ಎಮ್ಮಿ ಪಾಲು, ಒಂದು ನನ್ನ ಪಾಲು" ಎಂದು ನಗುತ್ತಿದ್ದರು. ವಯಸ್ಸಾದಂತೆ ಎಡಗಿವಿ ಮಂದವಾಯಿತು, ಸೀಳಿದ ಕಿವಿ ಮಾತ್ರ ಚುರುಕಾಗಿಯೇ ಉಳಿಯಿತು. ಮಗನ ಧ್ವನಿ ಕೇಳುವಾಗ ಲ್ಯಾಪ್‌ಟಾಪಿನ ಕಡೆಗೆ ಆ ಕಿವಿಯನ್ನೇ ತಿರುಗಿಸಿ ಕೂರುತ್ತಿದ್ದರು.

ಮಗನೆಂದರೆ ನನ್ನ ಯಜಮಾನರು. ನೇಸರಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಬೈಲಹೊಂಗಲದ ಮನೆಯಿಂದ ದಿನವೂ ಮೋಟರ್‌ಸೈಕಲ್ ಮೇಲೆ ಹೋಗಿಬರುವುದು. ನಮ್ಮ ಓಣಿಯಲ್ಲಿ ಯಾರೂ ಲ್ಯಾಪ್‌ಟಾಪ್ ಕಾಣದ ಕಾಲದಲ್ಲಿ ಬೆಳಗಾವಿಯಿಂದ ಯಾರೋ ಬಳಸಿದ್ದೊಂದನ್ನು ತಂದರು. ಪರೀಕ್ಷೆ ಹತ್ತಿರವಾದಾಗ ಮಕ್ಕಳಿಗೆಂದು ತ್ರಿಕೋನದ ಪಾಠವನ್ನು ಮಾತಾಡಿ ಅದರಲ್ಲಿ ತುಂಬಿಸಿಟ್ಟರು. ಮುಂದಿನ ವಾರ ಅವರ ಮೋಟರ್‌ಸೈಕಲ್ ನುಜ್ಜುಗುಜ್ಜಾಗಿ ಟೆಂಪೋದಲ್ಲಿ ಮನೆಗೆ ಬಂತು. ಅವರು ಬರಲಿಲ್ಲ. ಮಗಳಿಗೆ ಆಗಿನ್ನೂ ಹಲ್ಲು ಮೂಡಿರಲಿಲ್ಲ.

ಆ ವರ್ಷ ನಾನೇನು ಮಾಡಿದೆನೆಂದು ಕೇಳಿದರೆ ಹೇಳಲು ಬಾರದು. ಹಾಲು ಕಾಸಿರಬೇಕು, ಬಟ್ಟೆ ಒಣಹಾಕಿರಬೇಕು. ಮಧ್ಯಾಹ್ನಗಳು ಮಾತ್ರ ನೆನಪಿವೆ. ಉಂಡು, ಕೈ ತೊಳೆದು, ಸೆರಗಿನಿಂದ ಬೆರಳ ಸಂದುಗಳನ್ನೂ ಒರೆಸಿಕೊಂಡು ಅತ್ತೆ ಲ್ಯಾಪ್‌ಟಾಪನ್ನು ಮಣೆಯ ಮೇಲಿಡುವರು. ಇಷ್ಟಲಿಂಗವನ್ನು ಹೇಗೋ ಹಾಗೆ ಅದನ್ನೂ ಬರಿ ನೆಲಕ್ಕೆ ತಾಗಿಸುತ್ತಿರಲಿಲ್ಲ.

"ಹಚ್ಚ ಯವ್ವಾ."

ನಾನು ಹಚ್ಚುವೆ. ಅವರ ಮಗ ತ್ರಿಕೋನದ ಬಾಹುಗಳನ್ನು ಹೇಳತೊಡಗುವರು. ಅಕ್ಷರ ಬಾರದ ಅತ್ತೆ ತಲೆದೂಗುವರು. "ಎಷ್ಟ ಸಾವಕಾಶ ಹೇಳ್ತಾನ ನೋಡು. ಕೂಸಿಗಿ ಅಪ್ಪನ ದನಿ ಗೊತ್ತಿಲ್ಲ. ತಿಳುವಳಿಕಿ ಬಂದ ಮ್ಯಾಲ ಆಕಿ ಕೇಳಬೇಕು. ಅಲ್ಲೀತನಾ ಇದು ಕೆಡಬಾರದು."

ಲ್ಯಾಪ್‌ಟಾಪಿನ ಜೊತೆ ಒಂದು ಇಂಗ್ಲಿಷ್ ಪುಸ್ತಿಕೆ ಬಂದಿತ್ತು. ಕಾನ್ವೆಂಟಿನಲ್ಲಿ ಓದಿದವಳೆಂದು ನನ್ನಿಂದಲೇ ಓದಿಸಿದರು. ಪರದೆ ಹಿಡಿದು ಎತ್ತಬಾರದು, ಹಾಸಿಗೆಯ ಮೇಲಿಟ್ಟು ನಡೆಸಬಾರದು, ನೀರು, ಇರುವೆ, ಹುಳು ತಾಗಬಾರದು ಎಂದೆ.

"ಅಷ್ಟಲಾ? ಕೂಸಿನ ಬಾಣಂತನಕ್ಕಿಂತ ಹಗರ ಐತಿ ಬಿಡು."

ಅಂದಿನಿಂದ ಅದರ ಹತ್ತಿರ ಯಾರೂ ಲೋಟ ಹಿಡಿದು ಸುಳಿಯುವಂತಿಲ್ಲ. ಪಕ್ಕದ ಮನೆಯಾಕೆ ಒಮ್ಮೆ ಚಹಾ ಕುಡಿಯುತ್ತಲೇ ಒಳಗೆ ಬಂದಳು.

"ಅಲ್ಲೇ ನಿಂದರ! ಕುಡದ ಬಾ."

"ಯಾಕ್ರಿ ಎಕ್ಕಾ, ನಿಮ್ಮ ಪೆಟಿಗಿಗಿ ನನ್ನ ದಿಟ್ಟಿ ಬೀಳತೈತೇನು?"

"ದಿಟ್ಟಿ ಬಿದ್ರ ಇಳಿ ತಗೀತೇನಿ. ಚಾ ಬಿದ್ರ ಏನ್ ಮಾಡ್ಲಿ?"

ಮಳೆಗಾಲದಲ್ಲಿ ನಾನು ಮಗಳನ್ನು ಕರೆದುಕೊಂಡು ತವರಿಗೆ, ಮನೋಳಿಗೆ, ಹೋಗಿದ್ದೆ. ತಿರುಗಿ ಬಂದಾಗ ಲ್ಯಾಪ್‌ಟಾಪ್ ಅದನ್ನಿಡುವ ಗೋಡೆಯ ಮಾಡಿನಲ್ಲಿರಲಿಲ್ಲ. ವಯರಿನ ಗುಂಟ ಕೆಂಪಿರುವೆ ಹತ್ತಿದ್ದನ್ನು ಕಂಡು ಅತ್ತೆ ಅದನ್ನು ಬೀಜದ ಟ್ರಂಕಿಗೆ ಸಾಗಿಸಿದ್ದರು. ನಮ್ಮ ಕಡೆ ಮುಂದಿನ ವರ್ಷ ಬಿತ್ತುವ ಬೀಜಕ್ಕೆ ಹುಳು ಹತ್ತದಂತೆ ಒಲೆಯ ಬೂದಿ ಸೋಸಿ ಬೆರೆಸಿ, ನಡುವೆ ಒಣಗಿದ ಬೇವಿನೆಲೆ ಹಾಕಿಡುತ್ತಾರೆ. ಲ್ಯಾಪ್‌ಟಾಪಿನ ಕೆಳಗೆ ಬೂದಿ, ಮೇಲೆ ಬೂದಿ, ಸುತ್ತಲೂ ಬೇವು.

"ಇನ್ನ ಯಾವ ಹುಳಾನೂ ಮುಟ್ಟಂಗಿಲ್ಲ" ಎಂದರು, ಬಹಳ ಸಮಾಧಾನದಿಂದ.

ಒರೆಸಿ ಹಚ್ಚಿದೆ. ಒಳಗಿನಿಂದ ಉಬ್ಬಸದಂಥ ಸದ್ದು ಬಂತು. ತಳ ಸುಡತೊಡಗಿತು. ಪರದೆ ಕಪ್ಪಾಯಿತು.

ಬಜಾರಿನ ರಿಪೇರಿ ಅಂಗಡಿಗೆ ಇಬ್ಬರೂ ಹೋದೆವು. ಕೂಸು ಅತ್ತೆಯ ಕಂಕುಳಲ್ಲಿತ್ತು. ಅಂಗಡಿಯವನು ತಿರುವಿ ಹಿಡಿದೊಡನೆ ಅವನ ಮೇಜಿನ ಮೇಲೆ ಬೂದಿ ಸುರಿಯಿತು.

"ಅಕ್ಕಾರ, ಇದರಾಗ ರೊಟ್ಟಿ ಸುಟ್ಟೀರೇನ್ರಿ?"

"ಬೀಜ ಇಟ್ಟಂಗ ಇಟ್ಟಿದ್ನೆಪ್ಪಾ" ಎಂದರು ಅತ್ತೆ. "ಹಂಗ ಇಡಬಾರದೇನು? ನನ್ನ ಮಗನ ದನಿ ಐತಿ ಅದರಾಗ."

ಅವನು ನಗುವುದನ್ನು ನಿಲ್ಲಿಸಿದ. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಮೇಜಿನ ಮೇಲಿನ ಬೂದಿಯಲ್ಲಿ ಒಂದು ಬೇವಿನ ಕಡ್ಡಿ ಇತ್ತು, ಅದನ್ನೇ ನೋಡುತ್ತ ನಿಂತೆ.

ಅವನು ಬಿಚ್ಚಿ, ಬ್ರಷ್ಷಿನಿಂದ ಸ್ವಚ್ಛ ಮಾಡಿ, ಫ್ಯಾನು ಬದಲಿಸಿದ. "ದನಿಗೇನೂ ಆಗಿಲ್ರಿ. ಒಂದು ಸಿಡಿಗೂ ಹಾಕಿ ಕೊಟ್ಟೇನಿ. ಆದ್ರ ಯಂತ್ರ ಭಾಳ ಹಳೇದು, ನಡಿಸಿದಷ್ಟ ಸವೀತೈತಿ. ಕಡಿಮಿ ನಡಿಸ್ರಿ."

ಮರುದಿನ ಮಧ್ಯಾಹ್ನ ನಾನು ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟೆ. ಅತ್ತೆ ಮಣೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

"ಬ್ಯಾಡ. ಬಿತ್ತೂ ಬೀಜ ಉಣಬಾರದು."

"ಸಿಡಿ ಐತೆಲ್ಲಾ ಅತ್ತಿ."

"ಅದನ್ನ ನಿನ್ನ ತವರಾಗ ಇಡು. ಬೀಜ ಒಂದ ಮನ್ಯಾಗ ಇಡಬಾರದು."

"ಅಲ್ಲೊಂದು ಇದ್ದ ಮ್ಯಾಲ ಇಲ್ಲಿದು ಕೇಳಬಹುದಲ್ಲಾ?"

"ಬೀಗರ ಮನ್ಯಾಗ ಬೀಜ ಐತೆಂತ ತಮ್ಮ ಮನ್ಯಾಂದು ಬೀಸಿ ಉಣ್ತಾರೇನ, ಹುಚ್ಚಿ?"

ಅತ್ತೆ ಆ ದನಿಯನ್ನು ಮತ್ತೆಂದೂ ಕೇಳಲಿಲ್ಲ. ಅಮವಾಸ್ಯೆಗೊಮ್ಮೆ ಒಣ ಅರಿವೆಯಿಂದ ಒರೆಸುವರು. ನನ್ನಿಂದ ಹಚ್ಚಿಸಿ, ಪರದೆ ಬೆಳಗಿದ್ದು ಕಂಡೊಡನೆ "ಸಾಕು, ಮುಚ್ಚು" ಎನ್ನುವರು. ಹಾಗೆ ವರ್ಷಗಳು ಹೋದವು. ಮಗಳು ಶಾಲೆಗೆ ಹೋಗತೊಡಗಿದಳು. ಅತ್ತೆ ಹಾಸಿಗೆ ಹಿಡಿದರು.

ಅವರು ಗಂಜಿಯನ್ನೂ ಬಿಟ್ಟ ದಿನ ಲ್ಯಾಪ್‌ಟಾಪನ್ನು ತಂದು ಪಕ್ಕದಲ್ಲಿ ಕುಳಿತೆ. "ಅತ್ತಿ, ಒಂದ ಸಲ ಕೇಳ್ರಿ."

"ಕೂಸು ಕೇಳೇತೇನು?"

"ಇನ್ನೂ ಇಲ್ರಿ."

"ಮತ್ತ?" ಎಂದು ಗೋಡೆಯ ಕಡೆ ಹೊರಳಿದರು. ಅದೇ ವಾರ ತೀರಿಕೊಂಡರು.

ಶಿವಗಣಾರಾಧನೆ ಮುಗಿದು ಬಂಧುಗಳೆಲ್ಲ ಹೋದ ಮೇಲೆ ಮಗಳನ್ನು ಕೂರಿಸಿಕೊಂಡು ಹಚ್ಚಿದೆ. "ನಿಮ್ಮಪ್ಪ" ಎಂದೆ. ಅವಳು ಹೊಸ ಮಾಸ್ತರರ ಪಾಠ ಕೇಳುವಂತೆ ಕೈಕಟ್ಟಿ ಕೇಳಿದಳು. ನಡುವೆ ಮೊಣಕಾಲು ಕೆರೆದುಕೊಂಡಳು. ಪಾಠ ಮುಗಿಯುತ್ತ ಬಂದಾಗ, ದೂರದಲ್ಲಿ, ಅಡುಗೆಮನೆಯೊಳಗಿಂದ ಒಂದು ದನಿ:

"ಸಾಕ ಮಾಡೋ ಮಾರಾಯಾ, ರೊಟ್ಟಿ ಆರಾಕ ಹತ್ಯಾವು!"

ಯಜಮಾನರು ನಕ್ಕದ್ದು ಕೇಳಿಸಿ ಧ್ವನಿ ನಿಂತಿತು. ಆ ಮಧ್ಯಾಹ್ನಗಳಲ್ಲೆಲ್ಲ ಆ ಕೂಗು ಪಾಠದ ಕೊನೆಗೆ ಇದ್ದೇ ಇತ್ತು. ನನ್ನ ಕಿವಿ ಅವರೊಬ್ಬರ ಮೇಲಿದ್ದುದರಿಂದ ನಾನು ಗಮನಿಸಿರಲೇ ಇಲ್ಲ. ಅತ್ತೆಯೂ ಹೇಳಿರಲಿಲ್ಲ.

ಮಗಳು ದಿಗ್ಗನೆದ್ದಳು. "ಅವ್ವಾ, ಅಜ್ಜಿ!" ಎಂದು ಅಡುಗೆಮನೆಗೆ ಓಡಿದಳು. ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ತಿರುಗಿ ಬಂದು ನನ್ನ ತೊಡೆಗೊರಗಿ ಕುಳಿತಳು.

"ಇನ್ನೊಮ್ಮಿ ಹಚ್ಚು."

ಲ್ಯಾಪ್‌ಟಾಪಿನ ತಳ ಬಿಸಿಯಾಗುತ್ತಿತ್ತು. ಹಚ್ಚಿದೆ.