ನಾಗಲಕ್ಷ್ಮಿಯ ಒಳ್ಳೆಯ ದಿನಗಳು

ನನ್ನ ಓರಗಿತ್ತಿ ನಾಗಲಕ್ಷ್ಮಿಗೆ ದೃಷ್ಟಿ ತಾಗಿದೆ ಎಂದು ನಾವು ಆರು ವರ್ಷ ನಂಬಿದ್ದೆವು. ಎಂಥ ಪೆದ್ದರು ನಾವು!

ಸಾಲಗಾಮೆಯಲ್ಲಿ ನಮ್ಮದು ಆಲೂಗಡ್ಡೆ ಬೆಳೆಯುವ ಮನೆ. ಬಿತ್ತನೆಗೆ ಮೊದಲು ಗಡ್ಡೆಯ ಮೊಳಕೆ ನೋಡಿ ಹೋಳು ಮಾಡಬೇಕು. ಸೊಂಟ ಬಿದ್ದುಹೋಗುವ ಕೆಲಸ. ಒಂದು ವರ್ಷ ನಾಗು ನಾಲ್ಕು ದಿನ ರೆಪ್ಪೆ ಮುಚ್ಚದೆ ಹದಿನೆಂಟು ಮೂಟೆ ಒಬ್ಬಳೇ ಹೋಳು ಮಾಡಿ ಹಾಕಿದಳು. ಕೈಯಲ್ಲಿ ಚಾಕು, ಬಾಯಲ್ಲಿ ಸೋಬಾನೆ. ಕೇರಿಯವರೆಲ್ಲ ಬಂದು ನೋಡಿ ಹೋದರು. ನಾನಂತೂ "ಇವ್ಳನ್ ನೋಡಿ ಕಲೀರಮ್ಮ" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಹದಿನೈದು ದಿನಕ್ಕೆ ಅವಳು ಚಾಪೆ ಹಿಡಿದಳು. ತಲೆ ಬಾಚುವುದಿಲ್ಲ, ಊಟ ಬೇಡ. "ನೋಡಿದ್ಯಾ, ಊರ್ ಕಣ್ಣೆಲ್ಲಾ ಬಿತ್ತು" ಎಂದು ಅತ್ತೆ ಬೆಟ್ಟಮ್ಮ ಮೆಣಸಿನಕಾಯಿ ನಿವಾಳಿಸಿದರು.

ಆಮೇಲೂ ಹಾಗೇ. ಏರುವಳು, ಹೊಗಳಿಸಿಕೊಳ್ಳುವಳು, ಬೀಳುವಳು. ಬಿದ್ದಾಗ ಮಾತ್ರ ಡಾಕ್ಟರ ಹತ್ತಿರ ಹೋಗುತ್ತಿದ್ದೆವು. ಚೆನ್ನಾಗಿ ದುಡಿಯುವವಳನ್ನು ಯಾರಾದರೂ ಆಸ್ಪತ್ರೆಗೆ ಕರೆದೊಯ್ಯುತ್ತಾರೆಯೇ? ಡಾಕ್ಟರು ಕಂಡಷ್ಟನ್ನು ನೋಡಿ ಖಿನ್ನತೆ ಎಂದು ಮಾತ್ರೆ ಕೊಟ್ಟರು.

ಈ ಸಲ ಬಿದ್ದವಳು ಏಳಲೇ ಇಲ್ಲ. "ನಾನಿದ್ದು ಯಾರ್ಗೇನ್ ಪ್ರಯೋಜ್ನ ಅಕ್ಕ?" ಎಂದಳು. ಮರುದಿನವೇ ಹಾಸನಕ್ಕೆ, ಡಾಕ್ಟರ್ ದಿವ್ಯಾ ಎಂಬವರ ಬಳಿ ಕರೆದೊಯ್ದೆ. "ತಲೆ ಸ್ಕ್ಯಾನ್ ಮಾಡ್ಬುಡಿ ಮೇಡಂ, ಅದೇನೈತೋ ಗೊತ್ತಾಗ್ಲಿ" ಎಂದೆ.

"ಮೆದುಳಿನ ಒಂದು ಭಾಗದ ಸುದ್ದಿ ಇನ್ನೊಂದಕ್ಕೆ ಮುಟ್ಟಿಸೋ ಬಿಳಿ ಎಳೆಗಳಿವೆ ಅಮ್ಮ" ಎಂದರು ಅವರು. "ಬರೀ ಖಿನ್ನತೆ ಇರೋರಿಗೂ, ಏರಿ ಇಳಿಯೋ ಬೈಪೋಲಾರ್ ಇರೋರಿಗೂ ಆ ಎಳೆಗಳಲ್ಲಿ ಸಣ್ಣ ವ್ಯತ್ಯಾಸ ಕಾಣುತ್ತೆ. ಆದ್ರೆ ನೂರಾರು ಜನರ ಸ್ಕ್ಯಾನ್ ಒಟ್ಟಿಗಿಟ್ಟು ನೋಡಿದಾಗ ಮಾತ್ರ. ಇವರೊಬ್ಬರ ಚಿತ್ರ ನೋಡಿ ಇಂಥದ್ದೇ ಅನ್ನೋಕೆ ಇನ್ನೂ ಆಗಲ್ಲ. ಎರಡಕ್ಕೂ ಔಷಧಿ ಬೇರೆ; ತಪ್ಪಿದ್ರೆ ಮಾತ್ರೆಯೇ ಇವರನ್ನ ಏರಿಸಿಬಿಡಬಹುದು. ಅದಕ್ಕೆ ನೀವೇ ಹೇಳಬೇಕು. ತುಂಬ ಖುಷಿಯಾಗಿದ್ದಾಗ ಇವರು ಹೇಗಿರ್ತಿದ್ರು?"

ನಾಗು ನನ್ನ ಸೆರಗು ಹಿಡಿದಳು. "ಬ್ಯಾಡ ಕಣಕ್ಕ. ನಂಗಿರೋ ಒಳ್ಳೆ ದಿನ ಅವೇಯ. ಅದ್ನೂ ಕಾಯ್ಲೆ ಅಂದ್ಬುಡ್ತಾರೆ."

ನಾನು ಬಾಯಿಬಡಕಿ ಎಂದು ಊರಿಗೇ ಗೊತ್ತು. ಅವತ್ತು ಮಾತ್ರ ಹೇಳಲೋ ಬೇಡವೋ ಎಂದು ಅವಳ ಮುಖ ನೋಡಿದೆ. ಆದರೆ ಆ ದಿನಗಳನ್ನು ಉಳಿಸಿಕೊಟ್ಟು ಅವಳನ್ನೇ ಕಳೆದುಕೊಳ್ಳಲೇ? ಎಲ್ಲ ಹೇಳಿಬಿಟ್ಟೆ. ನಿದ್ದೆಯಿಲ್ಲದ್ದು, ಹಾಡಿದ್ದು, ನಾನು ಹೊಗಳಿದ್ದು, ಒಂದೂ ಬಿಡದೆ. ಡಾಕ್ಟರು ಇನ್ನೂ ಏನೇನೋ ಕೇಳಿ, ಇದು ಬೈಪೋಲಾರೇ ಎಂದು ಹಳೆಯ ಮಾತ್ರೆ ತೆಗೆದು ಹೊಸದು ಬರೆದರು.

ನಾಗು ಬಿಕ್ಕಿ ಬಿಕ್ಕಿ ಅತ್ತಳು. "ಬಿದ್ದಿದ್ದೂ ಕಾಯ್ಲೆ, ಎದ್ದಿದ್ದೂ ಕಾಯ್ಲೆ. ಅಂಗಾರೆ ನಾನ್ಯಾವಳಕ್ಕ?"

ನನಗೂ ಅಳು ಬಂತು, ಕೋಪವೂ ಬಂತು. "ನನ್ ಸಾರಿಗೆ ಉಪ್ಪು ಜಾಸ್ತಿ ಅಂತ ಹದ್ನಾರ್ ವರ್ಸದಿಂದ ಮೂತಿ ತಿರುವ್ತೀಯಲ್ಲ, ಅವಳು ಕಣೆ ನೀನು. ನಂಗೆ ಅವಳು ಬೇಕು."

ಅವಳು ನನ್ನ ಸೆರಗಿನಲ್ಲೇ ಮೂಗು ಒರೆಸಿಕೊಂಡಳು.

"ಜಾಸ್ತೀನೇ ಹಾಕ್ತೀಯ" ಎಂದಳು.